ಮನಸ್ಸಿಗೂ ಒಂದು ಖಾತೆ ಪುಸ್ತಕ: ಬೆಂಜಮಿನ್ ಫ್ರಾಂಕ್ಲಿನ್ ಜೀವನ

ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕು ಎಂದು ಆಡಳಿತ ಮಂಡಳಿಯವರು ಕೇಳಿದಾಗ ನಾನು ಸಂತೋಷದಿಂದ ಒಪ್ಪಿಕೊಂಡೆ. ಒಪ್ಪಿಕೊಂಡು ಒಂದೂವರೆ ತಿಂಗಳು ಒಂದಕ್ಷರ ಬರೆಯಲಿಲ್ಲ. ಒಂದು ದಿನ ಕರೆಂಟು ಇಲ್ಲ, ಇನ್ನೊಂದು ದಿನ ಮನೆಗೆ ನೆಂಟರು, ಮತ್ತೊಂದು ದಿನ ಹೊಲದಲ್ಲಿ ಕಳೆ ತೆಗೆಸುವ ಕೆಲಸ. ನೆಪಕ್ಕೇನು ಬರ? ಕಡೆಗೆ ಕೂತು ಯೋಚಿಸಿದರೆ ಕರೆಂಟೂ ಅಡ್ಡಿಯಲ್ಲ, ನೆಂಟರೂ ಅಡ್ಡಿಯಲ್ಲ. ಒಳಗಿರುವ ಮನಸ್ಸೇ ಇವತ್ತು ಬೇಡ, ನಾಳೆ ನೋಡೋಣ ಅಂತ ಹಿಂದಕ್ಕೆ ಎಳೆಯುತ್ತಿತ್ತು.

ಈ ಕಷ್ಟ ನನ್ನೊಬ್ಬನದೇನೂ ಅಲ್ಲ. ಬೆಳಿಗ್ಗೆ ಬೇಗ ಏಳಬೇಕು, ಬೀಡಿ ಬಿಡಬೇಕು, ಸಿಟ್ಟು ಕಡಿಮೆ ಮಾಡಬೇಕು, ಸಾಲದ ಕಂತು ವಾಯಿದೆಗೆ ಸರಿಯಾಗಿ ಕಟ್ಟಬೇಕು ಎಂದು ಯುಗಾದಿಯ ದಿನ ಸಂಕಲ್ಪ ಮಾಡದವರು ಯಾರಿದ್ದಾರೆ? ರಾಮನವಮಿಯ ಪಾನಕ ಕುಡಿಯುವ ಹೊತ್ತಿಗೆ ಆ ಸಂಕಲ್ಪ ಎಲ್ಲಿ ಹೋಯಿತು ಅಂತ ಹುಡುಕಬೇಕು. ನಮ್ಮ ಹಿರಿಯರು ಇದಕ್ಕೆ ಆರಂಭಶೂರತನ ಎಂದು ಹೆಸರಿಟ್ಟರು.

ಈ ಒಳಗಿನ ಎದುರಾಳಿಯ ಜೊತೆ ಆಯುಷ್ಯ ಪೂರ್ತಿ ಗುದ್ದಾಡಿ, ಸೋತದ್ದನ್ನು ಮುಚ್ಚಿಡದೆ ಬರೆದಿಟ್ಟ ಒಬ್ಬರ ಜೀವನವನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅವರು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಮಿಂಚು ಎಂದರೆ ವಿದ್ಯುತ್ತೇ ಎಂದು ತೋರಿಸಿಕೊಟ್ಟ ವಿಜ್ಞಾನಿ, ಅಮೆರಿಕದ ಸ್ವಾತಂತ್ರ್ಯಕ್ಕಾಗಿ ದುಡಿದ ಮುತ್ಸದ್ದಿ ಎಂದು ಅವರ ಹೆಸರನ್ನು ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ. ಆದರೆ ಅವರು ತಮ್ಮ ಮನಸ್ಸಿಗೂ ಒಂದು ಖಾತೆ ಪುಸ್ತಕ ಇಟ್ಟು, ತಮ್ಮ ತಪ್ಪುಗಳನ್ನು ದಿನದಿನವೂ ಅದರಲ್ಲಿ ಗುರುತು ಹಾಕುತ್ತಿದ್ದರು ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಪಾಸ್‌ಬುಕ್ಕು, ಕಂತು, ಬಾಕಿ ಎಲ್ಲ ಬಲ್ಲ ನಮ್ಮ ಸದಸ್ಯರಿಗೆ ಆ ಪುಸ್ತಕದ ಕಥೆ ಹಿಡಿಸುತ್ತದೆ ಎಂದು ನನ್ನ ನಂಬಿಕೆ.

ಸಾಬೂನು ಮಾಡುವವರ ಮಗ

1706ರ ಜನವರಿ 17ರಂದು ಬಾಸ್ಟನ್ ಪಟ್ಟಣದಲ್ಲಿ ಬೆಂಜಮಿನ್ ಹುಟ್ಟಿದ. ಆಗ ಅಮೆರಿಕ ಸ್ವತಂತ್ರ ದೇಶವಲ್ಲ, ಆ ಭಾಗವೆಲ್ಲ ಇಂಗ್ಲಿಷರ ವಸಾಹತು. ತಂದೆ ಜೋಸಾಯ ಫ್ರಾಂಕ್ಲಿನ್ ಇಂಗ್ಲೆಂಡಿನಿಂದ ಬಂದು ನೆಲೆಸಿದವರು. ಪ್ರಾಣಿಗಳ ಕೊಬ್ಬು ಕಾಯಿಸಿ ಮೇಣದಬತ್ತಿ, ಸಾಬೂನು ಮಾಡಿ ಮಾರುವುದು ಅವರ ಕಸುಬು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಎರಡನೇ ಮದುವೆಯಾಗಿ ಒಟ್ಟು 17 ಮಕ್ಕಳ ಸಂಸಾರ. ಬೆಂಜಮಿನ್ 15ನೆಯವನು, ಗಂಡುಮಕ್ಕಳಲ್ಲಿ ಕೊನೆಯವನು. ಶಾಲೆಗೆ ಹೋದದ್ದು ಎರಡೇ ವರ್ಷ. ಹತ್ತನೇ ವಯಸ್ಸಿಗೆ ಶಾಲೆ ಬಿಡಿಸಿ ತಂದೆ ತಮ್ಮ ಅಂಗಡಿಗೇ ಹಾಕಿಕೊಂಡರು. ಬತ್ತಿ ಕತ್ತರಿಸುವುದು, ಅಚ್ಚಿಗೆ ಕೊಬ್ಬು ಹೊಯ್ಯುವುದು ಹುಡುಗನಿಗೆ ಹಿಡಿಸಲಿಲ್ಲ. ಹನ್ನೆರಡನೇ ವಯಸ್ಸಿಗೆ ಅಣ್ಣ ಜೇಮ್ಸನ ಅಚ್ಚುಕೂಟದಲ್ಲಿ, 21 ವರ್ಷ ತುಂಬುವವರೆಗೆ ದುಡಿಯುತ್ತೇನೆ ಎಂದು ಕರಾರು ಬರೆದುಕೊಟ್ಟು ಕೆಲಸಕ್ಕೆ ಸೇರಿದ.

ಓದಿನ ಹುಚ್ಚು ಹಿಡಿದದ್ದು ಅಲ್ಲಿ. ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗರ ಸ್ನೇಹ ಮಾಡಿಕೊಂಡು ಸಂಜೆ ಪುಸ್ತಕ ತರುವುದು, ರಾತ್ರಿಯೆಲ್ಲ ಓದಿ ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ವಾಪಸು ಇಡುವುದು. ಬರವಣಿಗೆ ಸುಧಾರಿಸಿಕೊಳ್ಳಲು ಅವನು ಕಂಡುಕೊಂಡ ಉಪಾಯ ನಮ್ಮ ಶಾಲೆಯ ಮಕ್ಕಳೂ ಅನುಸರಿಸಬಹುದಾದ್ದು. ಒಳ್ಳೆಯ ಲೇಖನವೊಂದನ್ನು ಓದಿ ಪ್ರತಿ ವಾಕ್ಯದ ಸಾರವನ್ನು ಎರಡು ಮಾತಿನಲ್ಲಿ ಗುರುತು ಹಾಕಿಕೊಳ್ಳುವುದು. ನಾಲ್ಕಾರು ದಿನ ಬಿಟ್ಟು, ಮೂಲ ನೋಡದೆ, ಆ ಗುರುತಿನಿಂದಲೇ ಇಡೀ ಲೇಖನ ಬರೆಯುವುದು. ಆಮೇಲೆ ಮೂಲದ ಜೊತೆ ಹೋಲಿಸಿ ತನ್ನ ತಪ್ಪು ತಿದ್ದಿಕೊಳ್ಳುವುದು. ತಿದ್ದಲು ಮೇಷ್ಟ್ರು ಇರಲಿಲ್ಲ. ತಾನೇ ವಿದ್ಯಾರ್ಥಿ, ತಾನೇ ಪರೀಕ್ಷಕ.

ಹದಿನಾರನೇ ವಯಸ್ಸಿನಲ್ಲಿ ಒಂದು ಪುಸ್ತಕ ಓದಿ ಮಾಂಸ ಬಿಟ್ಟ. ನನ್ನ ಊಟಕ್ಕೆ ನೀನು ಕೊಡುವ ಹಣದಲ್ಲಿ ಅರ್ಧವನ್ನು ನನ್ನ ಕೈಗೆ ಕೊಡು, ನನ್ನ ಅಡಿಗೆ ನಾನೇ ನೋಡಿಕೊಳ್ಳುತ್ತೇನೆ ಅಂತ ಅಣ್ಣನಿಗೆ ಹೇಳಿದ. ಆ ಅರ್ಧದಲ್ಲೂ ಅರ್ಧ ಉಳಿಸಿ ಪುಸ್ತಕ ಕೊಂಡ. ಇಲ್ಲಿಯವರೆಗೆ ಕೇಳಿದರೆ ಹುಟ್ಟುತ್ತಲೇ ಸಂಯಮಿ ಎನ್ನಿಸುತ್ತದೆ ಅಲ್ಲವೇ? ಹಾಗೇನೂ ಇಲ್ಲ. ಮುಂದೆ ಕೇಳಿ.

ಮೀನಿನ ವಾಸನೆ ಹೇಳಿಕೊಟ್ಟ ಪಾಠ

ಅಣ್ಣ ತಮ್ಮಂದಿರಿಗೆ ಸರಿಬರಲಿಲ್ಲ. ಅಣ್ಣ ಹೊಡೆಯುತ್ತಿದ್ದ, ತಮ್ಮನೂ ಬಾಯಿಜೋರಿನವನೇ. 1723ರಲ್ಲಿ, ಕರಾರು ಮುಗಿಯುವ ಮೊದಲೇ, ಹದಿನೇಳರ ಹುಡುಗ ಮನೆಯಲ್ಲಿ ಹೇಳದೆ ಕೇಳದೆ ಹಡಗು ಹತ್ತಿದ. ದಾರಿಯಲ್ಲಿ ಗಾಳಿ ನಿಂತು ಹಡಗೂ ನಿಂತಿತು. ಹಡಗಿನವರು ಕಾಡ್ ಜಾತಿಯ ಮೀನು ಹಿಡಿದು ಹುರಿಯತೊಡಗಿದರು. ಮೀನು ಹಿಡಿಯುವುದು ಕೊಲೆಗೆ ಸಮ ಎಂದು ನಂಬಿದ್ದ ಹುಡುಗನ ಮೂಗಿಗೆ ಬಿಸಿ ಬಾಣಲೆಯ ವಾಸನೆ ಬಡಿಯಿತು. ಮೊದಲು ಮೀನೆಂದರೆ ಅವನಿಗೆ ಪ್ರಾಣ. ವ್ರತಕ್ಕೂ ನಾಲಿಗೆಗೂ ಸ್ವಲ್ಪ ಹೊತ್ತು ಜಗ್ಗಾಟ ನಡೆಯಿತು. ಅಷ್ಟರಲ್ಲಿ ಅವನಿಗೆ ನೆನಪಾಯಿತು: ಈ ಮೀನುಗಳ ಹೊಟ್ಟೆ ಸೀಳಿದಾಗ ಒಳಗಡೆ ಸಣ್ಣ ಮೀನುಗಳಿದ್ದವಲ್ಲ! ನೀವು ಒಬ್ಬರನ್ನೊಬ್ಬರು ತಿನ್ನುವುದಾದರೆ ನಾನು ನಿಮ್ಮನ್ನು ತಿಂದರೆ ತಪ್ಪೇನು ಎಂದು ತೀರ್ಮಾನ ಕೊಟ್ಟುಕೊಂಡು ಹೊಟ್ಟೆ ತುಂಬ ತಿಂದ.

ಮುದುಕರಾದ ಮೇಲೆ ಇದನ್ನು ಬರೆಯುತ್ತಾ ಫ್ರಾಂಕ್ಲಿನ್ ತಮ್ಮನ್ನು ತಾವೇ ನಕ್ಕಿದ್ದಾರೆ. ಮನುಷ್ಯನಿಗೆ ಬುದ್ಧಿ ಇರುವುದು ಎಷ್ಟು ಅನುಕೂಲ ನೋಡಿ, ಮಾಡಬೇಕೆನಿಸಿದ್ದಕ್ಕೆಲ್ಲ ಒಂದು ಕಾರಣ ಹುಡುಕಿಕೊಳ್ಳಬಹುದು ಎಂಬುದು ಆ ನಗೆಯ ತಾತ್ಪರ್ಯ. ಮಾಂಸ ತಿನ್ನುವುದು ಸರಿಯೋ ತಪ್ಪೋ ಅನ್ನುವುದು ಇಲ್ಲಿ ನನ್ನ ವಿಷಯವಲ್ಲ. ಬಯಕೆ ಮೊದಲು ತೀರ್ಮಾನ ಮಾಡುತ್ತದೆ, ಬುದ್ಧಿ ಅದರ ಹಿಂದೆ ಓಡಿ ಹೋಗಿ ವಕೀಲಿ ಮಾಡುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ನಮ್ಮ ಗಾದೆಯೂ ಇದೇ ವಕೀಲಿಯ ಬಗ್ಗೆಯೇ.

ಫಿಲಡೆಲ್ಫಿಯಾ ನಗರಕ್ಕೆ ಬಂದಿಳಿದಾಗ ಕೈಯಲ್ಲಿದ್ದದ್ದು ಒಂದು ಡಾಲರು ಮತ್ತು ಒಂದಿಷ್ಟು ತಾಮ್ರದ ಚಿಲ್ಲರೆ. ಅಚ್ಚುಕೂಟವೊಂದರಲ್ಲಿ ಕೆಲಸ ಸಿಕ್ಕಿತು. ಆ ದಿನಗಳಲ್ಲೇ ಅವನ ಬದುಕಿನ ದೊಡ್ಡ ತಪ್ಪೂ ನಡೆಯಿತು. ವೆರ್ನನ್ ಎಂಬವರು ತಮಗೆ ಬರಬೇಕಾದ ಸುಮಾರು 35 ಪೌಂಡ್ ವಸೂಲು ಮಾಡಿ, ತಾವು ಹೇಳುವವರೆಗೆ ಇಟ್ಟುಕೊಂಡಿರು ಎಂದು ಅವನಿಗೆ ವಹಿಸಿದ್ದರು. ಆ ಹಣದಲ್ಲಿ ಕುಡುಕ ಗೆಳೆಯನೊಬ್ಬನಿಗೆ ಸ್ವಲ್ಪ ಸ್ವಲ್ಪವಾಗಿ ಸಾಲ ಕೊಡುತ್ತಾ ಹೋದ. ಹಣ ಮರಳಲಿಲ್ಲ. ವೆರ್ನನ್ ಯಾವ ದಿನ ಕೇಳಿಬಿಡುತ್ತಾರೋ ಎಂಬ ಹೆದರಿಕೆ ವರ್ಷಗಟ್ಟಲೆ ಕಾಡಿತು. ಪರರ ಹಣ ಕೈಯಲ್ಲಿದ್ದಾಗ ಮನಸ್ಸು ಎಷ್ಟು ಮೆತ್ತಗಾಗುತ್ತದೆ ಎಂಬುದನ್ನು ಸಹಕಾರ ಸಂಘದವರಿಗೆ ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ವೆರ್ನನ್ ಕೇಳಿದಾಗ ಸ್ವಲ್ಪ ಕಾಲಾವಕಾಶ ಪಡೆದು, ಅಸಲು ಬಡ್ಡಿ ಎರಡನ್ನೂ ತೀರಿಸಿದ.

1724ರಲ್ಲಿ ಲಂಡನ್ನಿಗೆ ಹೋದ. ಅಚ್ಚುಕೂಟದ ಸಂಗಡಿಗರು ಬಲ ಬರುತ್ತದೆ ಅಂತ ದಿನವಿಡೀ ಬಿಯರು ಕುಡಿಯುತ್ತಿದ್ದರೆ ಇವನು ನೀರು ಕುಡಿದು, ಅವರು ಎರಡು ಕೈಯಲ್ಲಿ ಒಂದು ಹೊರುವ ಅಚ್ಚುಮೊಳೆಯ ಚೌಕಟ್ಟನ್ನು ಕೈಗೊಂದರಂತೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಆದರೆ ದುಡಿದದ್ದೆಲ್ಲ ನಾಟಕಕ್ಕೆ, ಮೋಜಿಗೆ ಹೋಯಿತು. ಮದುವೆಯಾಗುತ್ತೇನೆ ಎಂದು ಮಾತು ಕೊಟ್ಟು ಬಂದಿದ್ದ ಡೆಬೊರಾ ರೀಡ್ ಎಂಬ ಹುಡುಗಿಗೆ ಬರೆದದ್ದು ಒಂದೇ ಒಂದು ಕಾಗದ. ಒಂದು ಕಡೆ ಕಟ್ಟುನಿಟ್ಟು, ಇನ್ನೊಂದು ಕಡೆ ಕಟ್ಟಿಲ್ಲದ ದನ. 1726ರಲ್ಲಿ ವಾಪಸು ಹೊರಟಾಗ ಹಡಗಿನಲ್ಲಿ ಕೂತು, ಇನ್ನು ಮುಂದೆ ಹೇಗೆ ಬಾಳಬೇಕೆಂದು ಒಂದು ಕ್ರಮ ಬರೆದುಕೊಂಡ. ಆಗ ಅವನಿಗೆ ಇಪ್ಪತ್ತು ವರ್ಷ.

ಹದಿಮೂರು ಗುಣ, ಒಂದು ಪುಸ್ತಕ

ಫಿಲಡೆಲ್ಫಿಯಾದಲ್ಲಿ 1728ರಲ್ಲಿ ಪಾಲುದಾರನೊಬ್ಬನ ಜೊತೆ ಸ್ವಂತ ಅಚ್ಚುಕೂಟ ಆಯಿತು. ಪಾಲುದಾರ ಕುಡಿತಕ್ಕೆ ಬಿದ್ದ, ಸಾಲಗಾರರು ಕೋರ್ಟಿಗೆ ಹೋದರು. ಆಗ ಇಬ್ಬರು ಸ್ನೇಹಿತರು, ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರು, ತಾವಾಗಿಯೇ ಬಂದು ಹಣ ಕೊಡುತ್ತೇವೆ ಎಂದರು. ಫ್ರಾಂಕ್ಲಿನ್ ಇಬ್ಬರಿಂದಲೂ ಅರ್ಧರ್ಧ ಪಡೆದು ವ್ಯಾಪಾರ ಉಳಿಸಿಕೊಂಡರು. ಈ ಸಾಲದ ಋಣವನ್ನು ಅವರು ಸಾಯುವವರೆಗೆ ಮರೆಯಲಿಲ್ಲ. ಆ ಮಾತು ಕೊನೆಗೆ ಬರುತ್ತದೆ. ಅಚ್ಚಿನ ಕಾಗದವನ್ನು ತಾವೇ ತಳ್ಳುಗಾಡಿಯಲ್ಲಿ ಬೀದಿಯಲ್ಲಿ ತಳ್ಳಿಕೊಂಡು ಬರುತ್ತಿದ್ದರು. ದುಡಿಯುವವನು ಎಂಬ ಹೆಸರು ಬಂತು, ಸಾಲ ತೀರಿತು. 1730ರಲ್ಲಿ, ಆ ಹೊತ್ತಿಗೆ ಬೇರೆಯವನನ್ನು ಮದುವೆಯಾಗಿ ಅವನೂ ಬಿಟ್ಟುಹೋಗಿ ನೊಂದಿದ್ದ ಡೆಬೊರಾಳನ್ನೇ ಹೆಂಡತಿಯಾಗಿ ಮನೆಗೆ ಕರೆತಂದರು.

ಸುಮಾರು ಇದೇ ಕಾಲದಲ್ಲಿ ಅವರು ಒಂದು ಸಾಹಸಕ್ಕೆ ಕೈಹಾಕಿದರು. ಯಾವ ತಪ್ಪೂ ಮಾಡದೆ ಬದುಕಬೇಕು ಎಂಬ ಸಾಹಸ! ಸರಿ ಯಾವುದು ತಪ್ಪು ಯಾವುದು ಅಂತ ಗೊತ್ತೇ ಇದೆಯಲ್ಲ, ಸರಿಯಾದ್ದನ್ನು ಮಾಡಿದರಾಯಿತು ಎಂದುಕೊಂಡರು. ಆದರೆ ಒಂದು ತಪ್ಪನ್ನು ಕಾಯುತ್ತಿರುವಾಗ ಇನ್ನೊಂದು ತಪ್ಪು ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಿತ್ತು. ತಿಳಿವಳಿಕೆ ಒಂದಿದ್ದರೆ ಸಾಲದು, ಕೆಟ್ಟ ಅಭ್ಯಾಸ ಮುರಿದು ಒಳ್ಳೆಯ ಅಭ್ಯಾಸ ಕೂಡಿಸಬೇಕು ಎಂದು ಆಗ ಗೊತ್ತಾಯಿತು.

ಅದಕ್ಕೆ ಹದಿಮೂರು ಗುಣಗಳ ಪಟ್ಟಿ ಮಾಡಿದರು. ಮಿತವಾದ ಊಟ ಮತ್ತು ಕುಡಿತ, ಮಿತವಾದ ಮಾತು, ಒಪ್ಪ ಓರಣ, ದೃಢನಿಶ್ಚಯ, ಮಿತವ್ಯಯ, ದುಡಿಮೆ, ಪ್ರಾಮಾಣಿಕತೆ, ನ್ಯಾಯ, ಯಾವುದರಲ್ಲೂ ಅತಿಗೆ ಹೋಗದಿರುವುದು, ಶುಚಿತ್ವ, ಸಮಾಧಾನ, ಶೀಲ, ವಿನಯ. ಮೊದಲ ಪಟ್ಟಿಯಲ್ಲಿ ಹನ್ನೆರಡೇ ಇದ್ದವು. ನಿನಗೆ ಜಂಬ ಜಾಸ್ತಿ, ವಾದದಲ್ಲಿ ಗೆದ್ದರೆ ಸಾಲದು, ಎದುರಿನವನನ್ನು ತುಳಿದೇ ಬಿಡುತ್ತೀಯ ಎಂದು ಒಬ್ಬ ಸ್ನೇಹಿತರು ಉದಾಹರಣೆ ಸಮೇತ ತಿಳಿಸಿದ ಮೇಲೆ ವಿನಯ ಸೇರಿತು. ನಮ್ಮ ಲೆಕ್ಕ ನಾವೇ ಬರೆದುಕೊಂಡರೂ ಹೊರಗಿನವರ ಆಡಿಟ್ ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಒಂದು ಸಣ್ಣ ಪುಸ್ತಕ ಮಾಡಿ ಪ್ರತಿ ಪುಟದಲ್ಲಿ ಕೆಂಪು ಶಾಯಿಯಿಂದ ಗೆರೆ ಎಳೆದರು. ವಾರದ ಏಳು ದಿನಕ್ಕೆ ಏಳು ಮನೆ ಉದ್ದಕ್ಕೆ, ಹದಿಮೂರು ಗುಣಕ್ಕೆ ಹದಿಮೂರು ಮನೆ ಅಡ್ಡಕ್ಕೆ. ಆ ದಿನ ಯಾವ ಗುಣದಲ್ಲಿ ಎಡವಿದರೋ ಆ ಮನೆಯಲ್ಲಿ ಒಂದು ಕಪ್ಪು ಚುಕ್ಕೆ. ಹದಿಮೂರನ್ನೂ ಒಟ್ಟಿಗೆ ಹಿಡಿಯಲು ಹೋಗಲಿಲ್ಲ. ಒಂದು ವಾರಕ್ಕೆ ಒಂದೇ ಗುಣ. ಆ ವಾರ ಅದರ ಸಾಲು ಸ್ವಚ್ಛವಾಗಿರಬೇಕು, ಉಳಿದವು ಎಂದಿನಂತೆ ಇದ್ದರೂ ಸರಿ ಎಂಬ ನೇಮ. ತೋಟದ ಕಳೆಯನ್ನು ಒಂದೇ ದಿನ ಕೀಳಲು ಹೋದವನು ಸೊಂಟ ಹಿಡಿದುಕೊಂಡು ಕೂರುತ್ತಾನೆ. ಒಂದು ಮಡಿ ಮುಗಿಸಿ ಇನ್ನೊಂದು ಮಡಿಗೆ ಕೈ ಹಾಕುವವನು ತೋಟ ಪೂರೈಸುತ್ತಾನೆ. ಈ ಹೋಲಿಕೆ ನನ್ನದಲ್ಲ, ಅವರೇ ಕೊಟ್ಟದ್ದು. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು.

ಶುರು ಮಾಡಿದ ಮೇಲೆ ಅವರಿಗೇ ಆಶ್ಚರ್ಯ ಕಾದಿತ್ತು. ತನ್ನಲ್ಲಿ ಇಷ್ಟೊಂದು ತಪ್ಪಿದೆ ಎಂದು ಅವರು ಎಣಿಸಿರಲಿಲ್ಲ. ಹಳೆಯ ಚುಕ್ಕೆ ಕೆರೆದು ಹೊಸ ಸುತ್ತಿಗೆ ಜಾಗ ಮಾಡಿ ಮಾಡಿ ಕಾಗದವೇ ತೂತಾಯಿತು. ಆಮೇಲೆ ದಂತದ ಹಾಳೆಯ ಪುಸ್ತಕ ಮಾಡಿಸಿ ಅದರ ಮೇಲೆ ಸೀಸದ ಕಡ್ಡಿಯಲ್ಲಿ ಗುರುತು ಹಾಕಿ ಒದ್ದೆ ಸ್ಪಂಜಿನಿಂದ ಒರೆಸುತ್ತಿದ್ದರು. ದಿನಚರಿಯೂ ಹಾಗೆಯೇ ಬರೆದಿಟ್ಟಿತ್ತು. ಬೆಳಿಗ್ಗೆ ಐದಕ್ಕೆ ಎದ್ದು ಇವತ್ತು ಏನು ಒಳ್ಳೆಯದು ಮಾಡಲಿ ಎಂದು ತಮ್ಮನ್ನೇ ಕೇಳಿಕೊಳ್ಳುವುದು, ಎಂಟರಿಂದ ಕೆಲಸ, ಮಧ್ಯಾಹ್ನ ಊಟ, ಓದು, ಲೆಕ್ಕ ನೋಡುವುದು, ಮತ್ತೆ ಕೆಲಸ. ಸಂಜೆ ಸಾಮಾನು ಜಾಗಕ್ಕಿಟ್ಟು, ಸಂಗೀತ, ಮಾತುಕತೆ. ಹತ್ತಕ್ಕೆ ಮಲಗುವ ಮೊದಲು ಇವತ್ತು ಏನು ಒಳ್ಳೆಯದು ಮಾಡಿದೆ ಎಂಬ ಲೆಕ್ಕ.

ಅವರನ್ನು ಅತಿ ಹೆಚ್ಚು ಸತಾಯಿಸಿದ್ದು ಒಪ್ಪ ಓರಣ. ಕಾಗದ ಪತ್ರ ಒಂದೂ ಜಾಗದಲ್ಲಿ ಇರುತ್ತಿರಲಿಲ್ಲ. ಬೇಸತ್ತು ಕೈಬಿಡಲು ಹೊರಟಾಗ ಒಂದು ಕಥೆ ನೆನಪು ಮಾಡಿಕೊಳ್ಳುತ್ತಿದ್ದರು. ಒಬ್ಬ ಕಮ್ಮಾರನ ಹತ್ತಿರ ಕೊಡಲಿ ಕೊಂಡು, ಬಾಯಿಯಷ್ಟೇ ಹೊಳಪು ಇಡೀ ಕೊಡಲಿಗೆ ಬರಬೇಕು ಅಂದನಂತೆ. ಕಮ್ಮಾರ ಒಪ್ಪಿ, ನೀನು ಸಾಣೆಕಲ್ಲಿನ ಚಕ್ರ ತಿರುಗಿಸು ಅಂದ. ಕಮ್ಮಾರ ಕೊಡಲಿಯನ್ನು ಕಲ್ಲಿಗೆ ಒತ್ತಿ ಹಿಡಿದ, ಇವನು ತಿರುಗಿಸಿದ, ತಿರುಗಿಸಿದ, ರಟ್ಟೆ ಬಿದ್ದುಹೋಯಿತು. ಎಷ್ಟಾಗಿದೆ ಅಂತ ನೋಡಲು ಮತ್ತೆ ಮತ್ತೆ ಬರುತ್ತಿದ್ದ. ಕಡೆಗೆ ಇದ್ದಷ್ಟೇ ಸಾಕು ಕೊಡು ಅಂದ. ಇನ್ನೂ ಚುಕ್ಕೆ ಚುಕ್ಕೆ ಇದೆಯಲ್ಲಪ್ಪಾ, ತಿರುಗಿಸು, ಹೊಳಪು ಬರುತ್ತದೆ ಅಂದ ಕಮ್ಮಾರ. ನನಗೆ ಚುಕ್ಕೆ ಚುಕ್ಕೆ ಕೊಡಲಿಯೇ ಇಷ್ಟ ಅಂದುಬಿಟ್ಟನಂತೆ ಇವನು!

ನಾವೂ ಹೀಗೆಯೇ ಅಲ್ಲವೇ? ರಟ್ಟೆ ಸೋತಾಗ, ನನ್ನ ಸ್ವಭಾವವೇ ಹೀಗೆ ಬಿಡಿ ಅನ್ನುತ್ತೇವೆ. ಫ್ರಾಂಕ್ಲಿನ್‌ಗೂ ಎಷ್ಟೋ ಸಲ ಹಾಗೆ ಅನ್ನಿಸಿತು. ತೀರ ಪರಿಪೂರ್ಣನಾದರೆ ಜನ ಹೊಟ್ಟೆಕಿಚ್ಚು ಪಡುತ್ತಾರೆ, ಒಂದೆರಡು ಕುಂದು ಇದ್ದರೆ ಒಳ್ಳೆಯದು ಎಂದು ಕೂಡ ಅವರ ಮನಸ್ಸು ವಕೀಲಿ ಮಾಡಿತು. ಒಪ್ಪ ಓರಣದಲ್ಲಿ ಕೊನೆಯವರೆಗೂ ಅವರು ಗೆಲ್ಲಲಿಲ್ಲ. ಆದರೆ ಪುಸ್ತಕವನ್ನು ಬಿಸಾಡಲಿಲ್ಲ. ಸುತ್ತು ಹಾಕುವುದು ಬರಬರುತ್ತ ವರ್ಷಕ್ಕೊಂದಾಯಿತು, ಆಮೇಲೆ ಹಲವು ವರ್ಷಕ್ಕೊಂದಾಯಿತು, ಕೊನೆಗೆ ಕೆಲಸದ ಗದ್ದಲದಲ್ಲಿ ನಿಂತೂ ಹೋಯಿತು. ಪುಸ್ತಕ ಮಾತ್ರ ಸದಾ ಜೊತೆಯಲ್ಲಿತ್ತು. ತಮ್ಮ 79ನೇ ವರ್ಷದಲ್ಲಿ ಅವರು ಬರೆದದ್ದರ ಸಾರಾಂಶ ಇಷ್ಟು: ಮುಟ್ಟಬೇಕೆಂದ ಎತ್ತರ ಮುಟ್ಟಲಿಲ್ಲ, ಆದರೆ ಪ್ರಯತ್ನವನ್ನೇ ಮಾಡದಿದ್ದರೆ ಆಗುತ್ತಿದ್ದುದಕ್ಕಿಂತ ಒಳ್ಳೆಯ ಮನುಷ್ಯನಾದೆ, ಸುಖಿಯಾದೆ. ಚೆನ್ನಾದ ಅಚ್ಚಿನ ಅಕ್ಷರ ನೋಡಿ ತಿದ್ದುವವನಿಗೆ ಅಚ್ಚಿನಂಥ ಅಕ್ಷರ ಬಾರದಿದ್ದರೂ ಕೈಬರಹ ಸುಧಾರಿಸಿಯೇ ಸುಧಾರಿಸುತ್ತದೆ.

ನಾನು ಎಂಬುದನ್ನು ಹಿಂದಕ್ಕಿಟ್ಟಾಗ

ಜಂಬವನ್ನು ಗೆಲ್ಲುವುದು ಎಲ್ಲಕ್ಕಿಂತ ಕಷ್ಟವಾಯಿತು. ಗೆದ್ದೆ ಅಂದುಕೊಂಡರೆ, ನಾನೆಷ್ಟು ವಿನಯವಂತ ಎಂಬ ಜಂಬ ಹುಟ್ಟುತ್ತದೆ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಆದರೂ ನಾಲಿಗೆಗೆ ಒಂದು ಕಟ್ಟು ಹಾಕಿಕೊಂಡರು. ಖಂಡಿತ, ನಿಸ್ಸಂದೇಹ ಎಂಬಂಥ ಮಾತು ಬಿಟ್ಟು, ನನಗೆ ಹೀಗೆ ತೋರುತ್ತದೆ ಎನ್ನುವುದನ್ನು ರೂಢಿ ಮಾಡಿಕೊಂಡರು.

ಇದರ ಫಲ ಊರಿಗೆ ಸಿಕ್ಕಿತು. 1727ರಲ್ಲೇ ಅವರು ಕಸುಬುದಾರ ಗೆಳೆಯರನ್ನು ಸೇರಿಸಿ ಪ್ರತಿ ಶುಕ್ರವಾರ ಸಂಜೆ ಕೂಡುವ ಒಂದು ಕೂಟ ಕಟ್ಟಿದ್ದರು. 1731ರಲ್ಲಿ ವಾಚನಾಲಯ ಮಾಡೋಣವೆಂದು ಹೊರಟಾಗ, ಇದು ನನ್ನ ಯೋಜನೆ ಅಂದರೆ ಜನ ಹಿಂದೇಟು ಹಾಕುವುದು ಕಂಡರು. ತಮ್ಮ ಹೆಸರು ಹಿಂದಕ್ಕಿಟ್ಟು, ಕೆಲವು ಸ್ನೇಹಿತರು ಸೇರಿ ಮಾಡುತ್ತಿರುವುದು ಎಂದು ಹೇಳತೊಡಗಿದ ಮೇಲೆ ಕೆಲಸ ಸರಾಗವಾಯಿತು. 50 ಜನ ಸದಸ್ಯರು, ಮೊದಲಿಗೆ ತಲಾ 40 ಷಿಲಿಂಗ್, ಆಮೇಲೆ ವರ್ಷಕ್ಕೆ 10 ಷಿಲಿಂಗ್. ಒಬ್ಬೊಬ್ಬರಿಗೆ ಕೊಳ್ಳಲಾಗದ ಪುಸ್ತಕ ಎಲ್ಲರ ಪಾಲಿನ ಹಣದಿಂದ ಎಲ್ಲರಿಗೂ ದಕ್ಕಿತು. ಇದು ನಮ್ಮ ಷೇರು ಹಣದ ತತ್ವವೇ ಅಲ್ಲವೇ? 1736ರಲ್ಲಿ ಬೆಂಕಿ ನಂದಿಸುವ ಸಂಘ ಕಟ್ಟಿದರು. ಪ್ರತಿ ಸದಸ್ಯನೂ ಚರ್ಮದ ಬಕೆಟ್ಟು, ಸಾಮಾನು ತುಂಬುವ ಚೀಲ ಸಿದ್ಧವಾಗಿ ಇಟ್ಟಿರಬೇಕು. ತಿಂಗಳ ಸಭೆಗೆ ಬಾರದವರಿಗೆ ಸಣ್ಣ ದಂಡ. ಅಂಥ ದಂಡದ ಹಣದಿಂದ ಏಣಿ, ನೀರಿನ ಯಂತ್ರ. 1752ರಲ್ಲಿ ಮನೆ ಮಾಲೀಕರು ತಾವೇ ಹಣ ಕೂಡಿಸಿ, ಬೆಂಕಿ ಬಿದ್ದವರ ನಷ್ಟ ತುಂಬಿಕೊಡುವ ವಿಮಾ ಸಂಸ್ಥೆ ಶುರುವಾಯಿತು. ಅದೂ ಆ ವಾಚನಾಲಯವೂ ಇಂದಿಗೂ ನಡೆಯುತ್ತಿವೆ.

ಗಾಳಿಪಟದ ಪ್ರಯೋಗ ಅದೇ 1752ರದು. ಮನೆಗಳನ್ನು ಸಿಡಿಲಿನಿಂದ ಕಾಪಾಡುವ ಸಲಾಕೆಗಾಗಲಿ, ಕಡಿಮೆ ಸೌದೆಯಲ್ಲಿ ಕೋಣೆ ಬೆಚ್ಚಗಿಡುವ ಒಲೆಗಾಗಲಿ ಅವರು ಪೇಟೆಂಟ್ ಪಡೆಯಲಿಲ್ಲ. ಬೇರೆಯವರು ಕಂಡುಹಿಡಿದದ್ದರಿಂದ ನಮಗೆ ಅನುಕೂಲವಾಗಿದೆ, ನಾವು ಕಂಡುಹಿಡಿದದ್ದು ಬೇರೆಯವರಿಗೆ ಸಲ್ಲಲಿ ಎಂಬುದು ಅವರ ನಿಲುವು.

ಪುಸ್ತಕ ಕಾಪಾಡದ ಕಡೆ

ಇಷ್ಟು ಹೇಳಿ ನಿಲ್ಲಿಸಿದರೆ ಹೊಗಳಿಕೆಯ ಲೇಖನವಾಗುತ್ತದೆ, ನಿಜವಾಗುವುದಿಲ್ಲ. 1736ರಲ್ಲಿ ಅವರ ನಾಲ್ಕು ವರ್ಷದ ಮಗ ಫ್ರಾನ್ಸಿಸ್ ಸಿಡುಬಿನಿಂದ ತೀರಿಕೊಂಡ. ಆಗ ಸಿಡುಬಿಗೆ ಚುಚ್ಚುವ ಪದ್ಧತಿ ಇತ್ತು, ಫ್ರಾಂಕ್ಲಿನ್ ಅದನ್ನು ಒಪ್ಪಿದವರೇ. ಮಗುವಿಗೆ ಹೊಟ್ಟೆಯ ಕಾಯಿಲೆ ಇದ್ದದ್ದರಿಂದ ಚುಚ್ಚಿಸಿರಲಿಲ್ಲ. ಚುಚ್ಚಿಸಿದ್ದರಿಂದಲೇ ಮಗು ಸತ್ತಿತು ಎಂದು ಊರಲ್ಲಿ ಸುದ್ದಿ ಹಬ್ಬಿತು. ಬೇರೆಯವರು ಹೆದರಿ ತಮ್ಮ ಮಕ್ಕಳಿಗೆ ಚುಚ್ಚಿಸದೆ ಇದ್ದಾರೆಂದು, ಆ ದುಃಖದಲ್ಲೂ ತಮ್ಮ ಪತ್ರಿಕೆಯಲ್ಲಿ ನಿಜಸ್ಥಿತಿ ಅಚ್ಚು ಹಾಕಿಸಿದರು. ಚುಚ್ಚಿಸದೆ ಹೋದ ಕೊರಗು ಮುಪ್ಪಿನವರೆಗೂ ಹೋಗಲಿಲ್ಲ.

ಇನ್ನೊಂದು ದೊಡ್ಡ ಕಪ್ಪು. ಅವರ ಮನೆಯಲ್ಲಿ ಗುಲಾಮರಿದ್ದರು. ಅವರ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಜಾಹೀರಾತು ಬರುತ್ತಿತ್ತು. ನ್ಯಾಯ ಎಂದು ಪುಸ್ತಕದಲ್ಲಿ ಬರೆದುಕೊಂಡವರೇ ಅದನ್ನೂ ಅಚ್ಚು ಹಾಕಿದರು. ಸುತ್ತಲಿನ ಸಮಾಜವೆಲ್ಲ ಒಪ್ಪಿದ ತಪ್ಪು ನಮ್ಮ ಕಣ್ಣಿಗೂ ತಪ್ಪಾಗಿ ಕಾಣುವುದಿಲ್ಲ. ನಮ್ಮೂರುಗಳಲ್ಲಿ ಕೆರೆ, ಬಾವಿ, ದೇವಸ್ಥಾನದ ಹತ್ತಿರ ನಡೆದುಬಂದದ್ದನ್ನು ನೆನೆದರೆ ಈ ಮಾತು ಅರ್ಥವಾಗುತ್ತದೆ. 1763ರಲ್ಲಿ ಕಪ್ಪು ಜನರ ಮಕ್ಕಳ ಶಾಲೆಯೊಂದನ್ನು ನೋಡಿ ಬಂದ ಮೇಲೆ ಅವರ ಅಭಿಪ್ರಾಯ ಬದಲಾಗತೊಡಗಿತು. 1787ರಲ್ಲಿ ಪೆನ್ಸಿಲ್ವೇನಿಯದ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷರಾದರು. ಸಾಯುವುದಕ್ಕೆ ಎರಡು ತಿಂಗಳ ಮೊದಲು, 1790ರ ಫೆಬ್ರವರಿಯಲ್ಲಿ, ಆ ಪದ್ಧತಿಯ ವಿರುದ್ಧ ದೇಶದ ಸಂಸತ್ತಿಗೆ ಹೋದ ಮನವಿಗೆ ಸಹಿ ಹಾಕಿದರು. ಬಹಳ ತಡವಾದ ಕಂತು ನಿಜ, ಆದರೂ ಬಾಕಿ ಇದೆ ಎಂದು ಒಪ್ಪಿಕೊಂಡರು.

ಮನೆಯ ಖಾತೆಯೂ ಪೂರ್ತಿ ಚುಕ್ತಾ ಆಗಲಿಲ್ಲ. ಹೆಂಡತಿಗೆ ಸಮುದ್ರಯಾನವೆಂದರೆ ಭಯ. ಇವರು 1764ರಲ್ಲಿ ಮತ್ತೆ ಲಂಡನ್ನಿಗೆ ಹೋದವರು ಹಿಂದಿರುಗಿದ್ದು 1775ರಲ್ಲಿ. ಡೆಬೊರಾ 1774ರ ಡಿಸೆಂಬರಿನಲ್ಲೇ ತೀರಿಕೊಂಡಿದ್ದರು. ಹಿರಿಯ ಮಗ ವಿಲಿಯಂ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಇಂಗ್ಲಿಷರ ಪಕ್ಷ ಹಿಡಿದ. ಅವನನ್ನು ಮನಸಾರೆ ಕ್ಷಮಿಸಲು ಅವರಿಂದ ಆಗಲಿಲ್ಲ.

ಆದರೆ ಅಭ್ಯಾಸ ಕೈಹಿಡಿದ ದಿನವೂ ಇತ್ತು. 1774ರ ಜನವರಿ 29ರಂದು ಲಂಡನ್ನಿನಲ್ಲಿ, ಗವರ್ನರೊಬ್ಬರ ಪತ್ರಗಳನ್ನು ಬಯಲಿಗೆ ತಂದ ಕಾರಣಕ್ಕೆ, ಮಂತ್ರಿಗಳ ಮುಂದೆ ಸರ್ಕಾರಿ ವಕೀಲರು ಅವರನ್ನು ಸುಮಾರು ಒಂದು ಗಂಟೆ ಕಾಲ ಕಳ್ಳನೆಂಬಂತೆ ಹೀಯಾಳಿಸಿದರು. ಕೂತವರು ನಗುತ್ತಿದ್ದರು. 68 ವರ್ಷದ ಫ್ರಾಂಕ್ಲಿನ್ ಮುಖದಲ್ಲಿ ಒಂದು ಗೆರೆ ಅಲುಗದಂತೆ, ಒಂದು ಮಾತೂ ಆಡದೆ ನಿಂತಿದ್ದರು. ಹರೆಯದಲ್ಲಿ ಬಾಯಿಜೋರಿನವನಾಗಿ ಅಣ್ಣನಿಂದ ಹೊಡೆತ ತಿಂದ ಹುಡುಗ ಅವರೇ. ಆ ಮೌನ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಮುಂದೆ 1776ರ ಸ್ವಾತಂತ್ರ್ಯ ಘೋಷಣೆಗೆ, 1783ರ ಶಾಂತಿ ಒಪ್ಪಂದಕ್ಕೆ, 1787ರ ಸಂವಿಧಾನಕ್ಕೆ, ಮೂರಕ್ಕೂ ಸಹಿ ಹಾಕಿದರು. ಸಂವಿಧಾನ ಸಭೆಯಲ್ಲಿ ಕೂತಾಗ ಅವರಿಗೆ 81 ವರ್ಷ.

ಇಬ್ಬರು ಜಾಮೀನುದಾರರು, ಹತ್ತು ಕಂತು

1790ರ ಏಪ್ರಿಲ್ 17ರಂದು, 84ನೇ ವಯಸ್ಸಿನಲ್ಲಿ, ಫ್ರಾಂಕ್ಲಿನ್ ತೀರಿಕೊಂಡರು. ಅವರ ಮರಣಶಾಸನದ ಒಂದು ಭಾಗವನ್ನು ನಮ್ಮ ಸಂಘದ ಸದಸ್ಯರು ತಿಳಿಯಲೇಬೇಕು. ಪೆನ್ಸಿಲ್ವೇನಿಯ ರಾಜ್ಯದ ಅಧ್ಯಕ್ಷರಾಗಿದ್ದಾಗಿನ ಸಂಬಳದ ಹಣದಿಂದ ಬಾಸ್ಟನ್ನಿಗೆ 1000 ಪೌಂಡ್, ಫಿಲಡೆಲ್ಫಿಯಾಕ್ಕೆ 1000 ಪೌಂಡ್ ಬಿಟ್ಟರು. ಕಸುಬು ಕಲಿತು ಮದುವೆಯಾಗಿ ಹೊಸದಾಗಿ ಬದುಕು ಕಟ್ಟುವ ಇಪ್ಪತ್ತೈದರೊಳಗಿನ ಕೆಲಸಗಾರರಿಗೆ ಅದರಿಂದ ಸಾಲ ಕೊಡಬೇಕು. ಶೇಕಡಾ 5 ಬಡ್ಡಿ. ಇಬ್ಬರು ಮರ್ಯಾದಸ್ಥರು ಜಾಮೀನು ನಿಲ್ಲಬೇಕು. ವರ್ಷಕ್ಕೆ ಅಸಲಿನ ಹತ್ತನೇ ಒಂದು ಭಾಗದಂತೆ ಹತ್ತು ಕಂತಿನಲ್ಲಿ ತೀರಿಸಬೇಕು. ಬಂದ ಹಣ ಮತ್ತೆ ಬೇರೆಯವರಿಗೆ ಸಾಲವಾಗಿ ಹೋಗಬೇಕು. ಹೀಗೆ 200 ವರ್ಷ! ಹರೆಯದಲ್ಲಿ ಇಬ್ಬರು ಸ್ನೇಹಿತರು ಕೊಟ್ಟ ಸಾಲವೇ ತಮ್ಮ ಏಳಿಗೆಯ ಬುನಾದಿ, ಆ ಉಪಕಾರ ಮುಂದಿನವರಿಗೆ ಸಲ್ಲಲಿ ಎಂಬುದು ಅವರ ಆಶಯ.

ಎರಡು ನೂರು ವರ್ಷದಲ್ಲಿ ಎಲ್ಲವೂ ಅವರ ಲೆಕ್ಕದಂತೆ ನಡೆಯಲಿಲ್ಲ. ಕೆಲವರು ಕಂತು ತಪ್ಪಿಸಿದರು, ಕಾಲ ಬದಲಾಗಿ ಸಾಲ ಕೇಳುವವರೂ ಕಡಿಮೆಯಾದರು. ಆದರೂ 1990ರ ಹೊತ್ತಿಗೆ ಬಾಸ್ಟನ್ನಿನ ನಿಧಿ 40 ಲಕ್ಷ ಡಾಲರು ಮೀರಿತ್ತು, ಫಿಲಡೆಲ್ಫಿಯಾದ್ದು ಸುಮಾರು 20 ಲಕ್ಷ ಡಾಲರು ಆಗಿತ್ತು. ಹನಿಗೂಡಿದರೆ ಹಳ್ಳ ಅನ್ನುವುದು ಸುಮ್ಮನೆ ಅಲ್ಲ.

ನಮ್ಮ ನಾಡಿನಲ್ಲಿ 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಭಾರತದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದಾಗಲೂ ಬಂಡವಾಳ ಇದೇ ನಂಬಿಕೆ: ಇವನು ಕೊಟ್ಟ ಮಾತಿಗೆ ನಿಲ್ಲುತ್ತಾನೆ ಎಂಬ ನಂಬಿಕೆ. ಆ ಮಾತು ಮುರಿಯುವುದು ಸಂಘದ ಕಚೇರಿಯಲ್ಲಲ್ಲ. ಅದಕ್ಕೂ ಮೊದಲೇ, ಕಂತಿನ ದುಡ್ಡು ಕೈಗೆ ಬಂದ ದಿನ, ಈ ಸಲ ಹಬ್ಬ ಆಗಲಿ, ಮುಂದಿನ ಸಲ ಕಟ್ಟಿದರಾಯಿತು ಎಂದು ಮನಸ್ಸು ವಕೀಲಿ ಮಾಡುವಾಗ ಮುರಿಯುತ್ತದೆ. ಸಂಘ ಇಪ್ಪತ್ತೈದು ವರ್ಷ ಬಾಳಿದೆ ಎಂದರೆ ಆ ವಕೀಲಿಗೆ ಸೋಲದೆ ಕಂತು ಕಟ್ಟಿದ ನೂರಾರು ಸಂಜೆಗಳು ಅದರ ಹಿಂದೆ ಇವೆ. ಮುಂದಿನ ಇಪ್ಪತ್ತೈದು ವರ್ಷವೂ ಅದರ ಮೇಲೆಯೇ ನಿಂತಿದೆ.

ಈ ಲೇಖನ ಬರೆಯಲು ಕೂತ ದಿನ ನಾನೂ ಮೊಮ್ಮಗನ ಹಳೇ ನೋಟುಬುಕ್ಕಿನ ಒಂದು ಹಾಳೆಗೆ ಗೆರೆ ಎಳೆದೆ. ಹದಿಮೂರು ಬೇಡ, ಸದ್ಯಕ್ಕೆ ಒಂದೇ ಸಾಲು: ಇವತ್ತಿನದನ್ನು ನಾಳೆಗೆ ತಳ್ಳದಿರುವುದು. ಮೊದಲ ವಾರ ಏಳಕ್ಕೆ ಐದು ಚುಕ್ಕೆ ಬಿತ್ತು. ಎರಡನೇ ವಾರ ನಾಲ್ಕು. ಲೇಖನ ಮಾತ್ರ ಮುಗಿಯಿತು. ಸದಸ್ಯ ಬಂಧುಗಳು ತಮ್ಮ ಪಾಸ್‌ಬುಕ್ಕಿನ ಜೊತೆ ಇಂಥ ಒಂದು ಹಾಳೆ ಇಟ್ಟುಕೊಂಡು ನೋಡಲಿ. ಚುಕ್ಕೆ ಬೀಳುತ್ತದೆ, ಬೀಳಲಿ. ಬಿದ್ದದ್ದನ್ನು ಮುಚ್ಚಿಡದೆ ಬರೆಯಿರಿ, ಮಾರನೇ ದಿನ ಹಾಳೆಯನ್ನು ಮತ್ತೆ ತೆರೆಯಿರಿ, ಅಷ್ಟೇ ಸಾಕು.

ಸಂಘಕ್ಕೆ ಶುಭವಾಗಲಿ.

(ಸಂಘದ ಒಬ್ಬ ಹಿರಿಯ ಸದಸ್ಯ)